ಹಾಪ್ಕಿನ್ಸನ್ ಬಾರ್ ಪರೀಕ್ಷೆ: ಗ್ರಾಫ್ ನಂಬುವ ಮುಂಚೆ ಸಿಗ್ನಲ್ ನೋಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ದ ಎಸ್‌ಜಿ ಐರನ್ನಿನ (ಗ್ರಾಫೈಟ್ ಉಂಡೆಯಾಕಾರದಲ್ಲಿರುವ ಎರಕದ ಕಬ್ಬಿಣ) ಬಲ ಎಷ್ಟು ಎಂದು ಕೇಳಿದರೆ ಯುಟಿಎಂ (ನಿಧಾನವಾಗಿ ಎಳೆದು ಬಲ ಅಳೆಯುವ ಯಂತ್ರ) ಮೇಲೆ ಎಳೆದ ಟೆಸ್ಟ್ ಪೀಸಿನ ರಿಪೋರ್ಟ್ ಕೈಗೆ ಬರುತ್ತದೆ. ಆ ಪರೀಕ್ಷೆ ನಿಮಿಷಗಟ್ಟಲೆ ನಡೆಯುತ್ತದೆ. ಅದೇ ಕಾಸ್ಟಿಂಗ್ ಲಾರಿಯ ಅಡಿಯಲ್ಲಿ ಕೂತ ಮೇಲೆ ಬೀಳುವ ಪೆಟ್ಟು ಅಷ್ಟು ಹೊತ್ತು ಕಾಯುವುದಿಲ್ಲ. ಸೆಕೆಂಡಿಗೆ 1000ದ ಆಸುಪಾಸಿನ ಸ್ಟ್ರೇನ್ ರೇಟಿನಲ್ಲಿ (ಮೂಲ ಉದ್ದಕ್ಕೆ ಹೋಲಿಸಿ ಆದ ಬದಲಾವಣೆ ಸ್ಟ್ರೇನ್; ಅದು ಎಷ್ಟು ಬೇಗ ಆಗುತ್ತದೆ ಎಂಬುದು ರೇಟ್) ಲೋಹ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಬಳಸುವುದು ಸ್ಪ್ಲಿಟ್ ಹಾಪ್ಕಿನ್ಸನ್ ಬಾರ್. ಬರ್ಟ್ರಾಂ ಹಾಪ್ಕಿನ್ಸನ್ 1914ರಲ್ಲಿ ಉದ್ದನೆಯ ಉಕ್ಕಿನ ಸರಳಿನಲ್ಲಿ ಹೊಡೆತದ ಅಲೆಯನ್ನು ಅಳೆದ. 1949ರಲ್ಲಿ ಕೋಲ್ಸ್ಕಿ ಸರಳನ್ನು ಎರಡು ಮಾಡಿ ನಡುವೆ ಸ್ಯಾಂಪಲ್ ಇಟ್ಟ. ವಿಧಾನ ಇಂದಿಗೂ ಅದೇ: ಏರ್ ಗನ್ನಿನಿಂದ ಹಾರಿದ ಸ್ಟ್ರೈಕರ್ ಎಂಬ ತುಂಡು ಸರಳು ಮೊದಲ ಬಾರಿನ ತುದಿಗೆ ಬಡಿಯುತ್ತದೆ; ಆ ಅಲೆ, ಅಂದರೆ ಪಲ್ಸ್, ಸ್ಯಾಂಪಲ್ಲಿಗೆ ತಲುಪಿ ಒಂದಷ್ಟು ಹಿಂದಿರುಗುತ್ತದೆ, ಉಳಿದದ್ದು ಎರಡನೇ ಬಾರಿನೊಳಕ್ಕೆ ದಾಟುತ್ತದೆ; ಬಾರುಗಳ ಮೇಲೆ ಅಂಟಿಸಿದ ಸ್ಟ್ರೇನ್ ಗೇಜು ಅದನ್ನು ವೋಲ್ಟೇಜಾಗಿ ತೋರಿಸುತ್ತದೆ.

ಇಲ್ಲಿ ಇಡೀ ಪರೀಕ್ಷೆ ಮುಗಿಯುವುದು ಸುಮಾರು 120 ಮೈಕ್ರೋಸೆಕೆಂಡಿನಲ್ಲಿ. ಆ ಹೊತ್ತಿನಲ್ಲಿ ಗೇಜು ಕೊಡುವುದು ಕೆಲವೇ ಮಿಲಿವೋಲ್ಟ್. ಅಷ್ಟರಿಂದ ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಬರೆಯುವ ಸಾಫ್ಟ್‌ವೇರ್ ಒಳಗೆ ಏನೇ ಹಾಕಿದರೂ ಹೊರಗೆ ಒಂದು ಚೆಂದದ ಗೆರೆ ಕೊಡುತ್ತದೆ. ಗೆರೆ ನುಣುಪಾಗಿದೆ ಎಂಬುದು ಅಳತೆ ಸರಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಆದ್ದರಿಂದ ಈ ಬರಹ ಗ್ರಾಫಿಗಿಂತ ಹಿಂದಿನ ಭಾಗದ್ದು: ಗೇಜಿನಿಂದ ಫೈಲಿನವರೆಗೆ.

ಮೊದಲು ಲೆಕ್ಕ, ಆಮೇಲೆ ಸಾಮಾನು

ಉಪಕರಣ ಕೊಳ್ಳುವ, ಜೋಡಿಸುವ ಮುಂಚೆ ಎಷ್ಟು ಸಿಗ್ನಲ್ ಬರಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಸೆಟಪ್ ಹಿಡಿದು ಲೆಕ್ಕ ಮಾಡೋಣ. ಮುಂದೆಲ್ಲ ಇದೇ ಅಂಕಿಗಳು ಬರುತ್ತವೆ.

20 ಮಿ.ಮೀ. ವ್ಯಾಸದ ಉಕ್ಕಿನ ಎರಡು ಬಾರ್, ಒಂದೊಂದು 2 ಮೀಟರ್. ಸ್ಟ್ರೈಕರ್ 300 ಮಿ.ಮೀ. ಉಕ್ಕಿನ ಯಂಗ್ಸ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್, ಸಾಂದ್ರತೆ ಘನ ಮೀಟರಿಗೆ 7850 ಕಿಲೋ ಎಂದಿಟ್ಟುಕೊಂಡರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 5050 ಮೀಟರ್. ಪಲ್ಸಿನ ಅವಧಿ ಎಂದರೆ ಸ್ಟ್ರೈಕರಿನ ಉದ್ದದ ಎರಡು ಪಟ್ಟನ್ನು ಈ ವೇಗದಿಂದ ಭಾಗಿಸಿದ್ದು: 119 ಮೈಕ್ರೋಸೆಕೆಂಡ್. ಮಾರೇಜಿಂಗ್ ಉಕ್ಕಿನ (ನಿಕ್ಕಲ್ ಹೆಚ್ಚಿರುವ, ಅತಿ ಬಲದ ಉಕ್ಕು) ಬಾರ್ ಇದ್ದರೆ ಮಾಡ್ಯುಲಸ್, ಸಾಂದ್ರತೆ ಎರಡೂ ಬೇರೆ. ಅದರ ಸರ್ಟಿಫಿಕೇಟಿನಲ್ಲಿರುವ ಅಂಕಿಯನ್ನೇ ಹಾಕಿ.

ಸ್ಯಾಂಪಲ್ 8 ಮಿ.ಮೀ. ವ್ಯಾಸ, 6 ಮಿ.ಮೀ. ಉದ್ದದ ಎಸ್‌ಜಿ ಐರನ್. ಅದರಲ್ಲಿ 800 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಬಂದರೆ ಎರಡನೇ ಬಾರಿನಲ್ಲಿ, ಅಂದರೆ ಟ್ರಾನ್ಸ್‌ಮಿಟರ್ ಬಾರಿನಲ್ಲಿ, ಕಾಣುವುದು 640 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ 640 ಪಾಲು). ಸೆಕೆಂಡಿಗೆ ಸುಮಾರು 1000ದ ಸ್ಟ್ರೇನ್ ರೇಟ್ ಬೇಕೆಂದರೆ ಹಿಂದಿರುಗುವ ಪಲ್ಸ್ 600 ಮೈಕ್ರೋಸ್ಟ್ರೇನ್ ಇರಬೇಕು. ಎರಡನ್ನೂ ಕೂಡಿಸಿದರೆ ಮೊದಲ ಪಲ್ಸ್ 1240 ಮೈಕ್ರೋಸ್ಟ್ರೇನ್. ಅದಕ್ಕೆ ಸ್ಟ್ರೈಕರ್ ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಬಡಿಯಬೇಕು.

ಗೇಜ್ ಫ್ಯಾಕ್ಟರ್ (ಸ್ಟ್ರೇನಿಗೆ ಗೇಜಿನ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತದೆ ಎಂಬ ಅಂಕಿ) 2.1, ಬ್ರಿಡ್ಜಿಗೆ (ನಾಲ್ಕು ರೆಸಿಸ್ಟರ್ ತೋಳುಗಳ ಸರ್ಕ್ಯೂಟ್) 5 ವೋಲ್ಟ್, ಎರಡು ಗೇಜು ಕೆಲಸ ಮಾಡುವ ಹಾಫ್ ಬ್ರಿಡ್ಜ್ ಎಂದರೆ ಮೊದಲ ಪಲ್ಸಿಗೆ 6.5 ಮಿಲಿವೋಲ್ಟ್, ದಾಟಿ ಹೋದ ಪಲ್ಸಿಗೆ 3.4 ಮಿಲಿವೋಲ್ಟ್. ಆಂಪ್ಲಿಫೈಯರಿನಲ್ಲಿ 200 ಪಟ್ಟು ಗೇನ್ ಕೊಟ್ಟರೆ 1.3 ವೋಲ್ಟ್ ಮತ್ತು 0.67 ವೋಲ್ಟ್. ಈ ಎರಡು ಅಂಕಿಯನ್ನು ಕಂಟ್ರೋಲ್ ಪ್ಯಾನೆಲ್ಲಿನ ಮೇಲೆ ಚೀಟಿ ಬರೆದು ಅಂಟಿಸಿ. ಫೈರ್ ಮಾಡಿದಾಗ ಪರದೆಯ ಮೇಲೆ 0.9 ಬಂದರೆ ಅಲ್ಲೇ ನಿಲ್ಲಿಸಿ ಹುಡುಕಬೇಕು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಗೇಜ್ ಅಂಟಿಸುವುದು

ಅರ್ಧಕ್ಕಿಂತ ಹೆಚ್ಚು ತಾಪತ್ರಯ ಹುಟ್ಟುವುದು ಇಲ್ಲೇ, ಆದರೆ ಜನ ಕೊನೆಗೆ ನೋಡುವುದೂ ಇಲ್ಲೇ.

350 ಓಮಿನ ಗೇಜ್ ತಗೊಳ್ಳಿ. 120 ಓಮಿನದು ಅದೇ ವೋಲ್ಟೇಜಿಗೆ ಹೆಚ್ಚು ಬಿಸಿಯಾಗುತ್ತದೆ. ಗ್ರಿಡ್ ಉದ್ದ 3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಅಲೆ 3 ಮಿ.ಮೀ. ದಾಟಲು 0.6 ಮೈಕ್ರೋಸೆಕೆಂಡ್ ಬೇಕು; ಗ್ರಿಡ್ ಉದ್ದವಾದಷ್ಟೂ ಪಲ್ಸಿನ ಏರಿಕೆ ಮಂಕಾಗುತ್ತದೆ. ಬಾರಿನ ಒಂದೇ ಅಡ್ಡಕೊಯ್ತದಲ್ಲಿ, ಎದುರು ಬದುರು 180 ಡಿಗ್ರಿಗೆ ಎರಡು ಗೇಜು. ಬ್ರಿಡ್ಜಿನಲ್ಲಿ ಅವು ಎದುರೆದುರು ತೋಳಿನಲ್ಲಿರಬೇಕು. ಹಾಗಿದ್ದರೆ ಬಾರ್ ಬಾಗಿದ್ದರಿಂದ ಒಂದರಲ್ಲಿ ಹೆಚ್ಚಿದ್ದು ಇನ್ನೊಂದರಲ್ಲಿ ಕಡಿಮೆಯಾಗಿ ವಜಾ ಆಗುತ್ತದೆ. ಪಕ್ಕದ ತೋಳಿಗೆ ಹಾಕಿದರೆ ಉಲ್ಟಾ: ಬಾಗು ಉಳಿದು, ಬೇಕಾದ ಅಲೆಯೇ ಹೋಗಿಬಿಡುತ್ತದೆ.

ಜಾಗ ಎಲ್ಲಿ? ನಮ್ಮ ಸೆಟಪ್ಪಿನಲ್ಲಿ ಎರಡೂ ಬಾರಿನ ನಡುಮಧ್ಯ, ಸ್ಯಾಂಪಲ್ಲಿನಿಂದ 1 ಮೀಟರ್. ಗೇಜಿನಿಂದ ಸ್ಯಾಂಪಲ್ಲಿಗೆ ದೂರ ಸ್ಟ್ರೈಕರಿನ ಉದ್ದಕ್ಕಿಂತ ಹೆಚ್ಚಿರಲೇಬೇಕು, ಇಲ್ಲದಿದ್ದರೆ ಹೋಗುವ ಪಲ್ಸಿನ ಬಾಲ, ಬರುವ ಪಲ್ಸಿನ ತಲೆ ಒಂದರ ಮೇಲೊಂದು ಕೂರುತ್ತವೆ. ಕಾಪರ್ ಶೇಪರ್ (ಸ್ಟ್ರೈಕರ್ ಬಡಿಯುವ ಜಾಗದಲ್ಲಿಡುವ ತಾಮ್ರದ ಬಿಲ್ಲೆ) ಹಾಕಿದರೆ ಪಲ್ಸ್ ಇನ್ನೂ ಉದ್ದವಾಗುತ್ತದೆ, ಅದಕ್ಕೂ ಜಾಗ ಬಿಡಿ. ಬಾರಿನ ತುದಿಯಿಂದ ಕನಿಷ್ಠ ಹತ್ತು ವ್ಯಾಸ, ಅಂದರೆ 200 ಮಿ.ಮೀ. ಒಳಗಿರಲಿ. ಎರಡೂ ಗೇಜು ಸ್ಯಾಂಪಲ್ಲಿನಿಂದ ಸಮ ದೂರದಲ್ಲಿದ್ದರೆ ಒಂದು ಅನುಕೂಲ: ಹಿಂದಿರುಗಿದ ಪಲ್ಸು, ದಾಟಿ ಹೋದ ಪಲ್ಸು ಒಂದೇ ಹೊತ್ತಿಗೆ ಕಾಣಿಸುತ್ತವೆ, ಕಣ್ಣಳತೆಯಲ್ಲೇ ಹೋಲಿಸಬಹುದು.

ಅಂಟಿಸುವ ಕ್ರಮ ಇದು. ಜಾಗವನ್ನು ಅಸಿಟೋನಿನಿಂದ ಒರೆಸಿ, ಹತ್ತಿಯ ಮೇಲೆ ಕಪ್ಪು ಬರುವುದು ನಿಲ್ಲುವವರೆಗೆ. 320, ಆಮೇಲೆ 400 ನಂಬರಿನ ಎಮರಿ ಕಾಗದದಿಂದ ಉಜ್ಜಿ. ಬಾರಿನ ಉದ್ದಕ್ಕೆ ಗೆರೆಯನ್ನು ಖಾಲಿಯಾದ ಬಾಲ್ ಪೆನ್ನಿನಿಂದ ಒತ್ತಿ ಎಳೆಯಿರಿ, ಕೊರೆಯಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒಂದೇ ದಿಕ್ಕಿಗೆ ಒರೆಸಿ, ಒರೆಸಿದ ಹತ್ತಿಯನ್ನು ಮತ್ತೆ ಬಳಸಬೇಡಿ. ಗೇಜನ್ನು ಸೆಲೋ ಟೇಪಿನ ಮೇಲೆ ಎತ್ತಿ, ಗೆರೆಗೆ ಹೊಂದಿಸಿ, ಸಯನೋಅಕ್ರಿಲೇಟ್ ಒಂದೇ ಹನಿ, ಹೆಬ್ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ.

ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಬೆಳಗಾವಿಯ ಜುಲೈ ಜಿಟಿಜಿಟಿ ಮಳೆಯಲ್ಲಿ ಒತ್ತುವ ಮುಂಚೆಯೇ ಅದು ಬಿಗಿದು ದಪ್ಪ ಪದರವಾಗುತ್ತದೆ. ವಿಜಯಪುರದ ಏಪ್ರಿಲ್ ಒಣಹವೆಯಲ್ಲಿ ಬಿಗಿಯುವುದೇ ಇಲ್ಲ. ಮಳೆಗಾಲದಲ್ಲಿ ಬಲ್ಬಿನ ಶಾಖದಡಿ ಬಾರನ್ನು ಬೆಚ್ಚಗೆ ಮಾಡಿಕೊಂಡು, ಕೋಣೆಯ ಬಾಗಿಲು ಮುಚ್ಚಿ ಕೆಲಸ ಮಾಡಿ. ಅಂಟಿದ ಮೇಲೆ ಸಿಲಿಕೋನ್ ಲೇಪ ಕೊಡದೆ ಬಿಟ್ಟರೆ ಒಂದೇ ಮಳೆಗಾಲ ಸಾಕು, ಗೇಜಿನ ಅಡಿಗೆ ತೇವ ಇಳಿಯುತ್ತದೆ.

ಇನ್ನು ಬೆಸುಗೆ. ನಮ್ಮ ಲೆಕ್ಕದ ಹೊಡೆತದಲ್ಲಿ ಬಾರಿನ ಮೈ 20 ಮೈಕ್ರೋಸೆಕೆಂಡಿನಲ್ಲಿ ಸೊನ್ನೆಯಿಂದ ಸೆಕೆಂಡಿಗೆ 6 ಮೀಟರಿಗೆ ಜಿಗಿಯುತ್ತದೆ. ಅದು ಗುರುತ್ವದ ಸುಮಾರು 32,000 ಪಟ್ಟು. 0.05 ಗ್ರಾಂ ಬೆಸುಗೆಯ ಉಂಡೆ ಆ ಗಳಿಗೆಯಲ್ಲಿ ಒಂದೂವರೆ ಕಿಲೋಗಿಂತ ಹೆಚ್ಚು ಜಗ್ಗುತ್ತದೆ. ಆದ್ದರಿಂದ ಸೀಸದ ಗುಡ್ಡ ಕಟ್ಟಬೇಡಿ. ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ, ಗೇಜಿನಿಂದ ಟರ್ಮಿನಲ್ಲಿಗೆ ಕೂದಲೆಳೆಯಂಥ ಎನಾಮಲ್ ತಂತಿ, ನಡುವೆ ಸಡಿಲವಾದ ಒಂದು ಬಳುಕು. ದಪ್ಪ ಕೇಬಲನ್ನು ನೇರ ಗೇಜಿಗೆ ಬೆಸೆದರೆ ಹತ್ತನೇ ಹೊಡೆತಕ್ಕೆ ಟ್ಯಾಬ್ ಕಿತ್ತು ಬರುತ್ತದೆ. ಪೂರ್ತಿ ಕಿತ್ತರೆ ಒಳ್ಳೆಯದೇ, ಗೊತ್ತಾಗುತ್ತದೆ. ಬಿರುಕು ಬಿಟ್ಟು, ಸುಮ್ಮನಿದ್ದಾಗ ಸರಿ ತೋರಿಸಿ, ಹೊಡೆತದ ನಡುವೆ ಮಾತ್ರ ಬಿಡುವುದು ಕೆಟ್ಟದ್ದು.

ಮುಗಿದ ಮೇಲೆ ಎರಡು ಅಳತೆ: ಗೇಜಿನ ರೆಸಿಸ್ಟೆನ್ಸ್ 350ರ ಒಂದು ಓಮ್ ಆಚೀಚೆ, ಗೇಜಿಗೂ ಬಾರಿಗೂ ನಡುವೆ ಇನ್ಸುಲೇಶನ್ 1000 ಮೆಗಾಓಮಿಗಿಂತ ಮೇಲೆ. ಎಲೆಕ್ಟ್ರಿಶಿಯನ್ನಿನ 500 ವೋಲ್ಟ್ ಮೆಗ್ಗರನ್ನು ಇದಕ್ಕೆ ತರಬೇಡಿ, ಗೇಜು ಸುಟ್ಟೀತು. 50 ವೋಲ್ಟಿನೊಳಗಿನ ಟೆಸ್ಟರ್ ಬೇಕು. 100 ಮೆಗಾಓಮಿಗಿಂತ ಕೆಳಗೆ ಬಂದರೆ ಕಿತ್ತು ಹೊಸದು ಅಂಟಿಸಿ.

ಕೇಬಲ್, ಆಂಪ್ಲಿಫೈಯರ್

ಬ್ರಿಡ್ಜಿಗೆ 10 ವೋಲ್ಟ್ ಕೊಟ್ಟರೆ ಸಿಗ್ನಲ್ ಇಮ್ಮಡಿಯಾಗುತ್ತದೆ ನಿಜ. ಆದರೆ ಒಂದೊಂದು ಗೇಜಿನಲ್ಲಿ ಉರಿಯುವ ಶಕ್ತಿ 18ರಿಂದ 71 ಮಿಲಿವ್ಯಾಟಿಗೆ ಏರಿ, ಬೇಸ್‌ಲೈನ್ ಜಾರುತ್ತಲೇ ಇರುತ್ತದೆ. 5 ವೋಲ್ಟ್ ಸಾಕು.

ಗೇಜಿನಿಂದ ಆಂಪ್ಲಿಫೈಯರಿನವರೆಗೆ ಕೇಬಲ್ 3 ಮೀಟರ್ ಮೀರದಿರಲಿ. ಕಾರಣ ಕೆಪಾಸಿಟನ್ಸ್: ಮೀಟರಿಗೆ 100 ಪಿಕೋಫ್ಯಾರಡ್ ಹಿಡಿದರೆ 10 ಮೀಟರ್ ಕೇಬಲ್ 350 ಓಮಿನ ಬ್ರಿಡ್ಜಿನ ಜೊತೆ ಸೇರಿ 455 ಕಿಲೋಹರ್ಟ್ಸಿಗೇ ಸಿಗ್ನಲ್ ಕತ್ತರಿಸುತ್ತದೆ; 3 ಮೀಟರಿಗೆ ಅದು 1.5 ಮೆಗಾಹರ್ಟ್ಸ್. ಆಂಪ್ಲಿಫೈಯರನ್ನು ಬಾರಿನ ಪಕ್ಕಕ್ಕೆ ತನ್ನಿ, ಅಲ್ಲಿಂದ ಡಿಜಿಟೈಸರಿಗೆ (ವೋಲ್ಟೇಜನ್ನು ಅಂಕಿ ಮಾಡಿ ದಾಖಲಿಸುವ ಉಪಕರಣ) ಉದ್ದ ಕೇಬಲ್ ಎಳೆಯಿರಿ. ಜೋಡಿ ತಂತಿ ಹೆಣೆದು ಮೇಲೆ ಜಾಲರಿ ಹೊದಿಸಿದ ಕೇಬಲ್ಲೇ ಬೇಕು.

ಆಂಪ್ಲಿಫೈಯರಿನ ಡಬ್ಬಿಯ ಮೇಲೆ "1 ಮೆಗಾಹರ್ಟ್ಸ್" ಎಂದು ಬರೆದಿದ್ದರೆ ಅದು ಯಾವ ಗೇನಿಗೆ ಎಂದು ಕೇಳಿ. ಹಲವು ಆಂಪ್ಲಿಫೈಯರುಗಳಲ್ಲಿ ಗೇನ್ ಏರಿದಂತೆ ಬ್ಯಾಂಡ್‌ವಿಡ್ತ್ ಇಳಿಯುತ್ತದೆ. ನೋಡುವ ರೀತಿ ಸುಲಭ: ಫಂಕ್ಷನ್ ಜನರೇಟರಿನಿಂದ ರೆಸಿಸ್ಟರ್ ಡಿವೈಡರ್ ಮೂಲಕ 5 ಮಿಲಿವೋಲ್ಟ್ ಸೈನ್ ಕೊಡಿ, ಗೇನ್ 200ರಲ್ಲೇ ಇಟ್ಟು 1 ಕಿಲೋಹರ್ಟ್ಸಿನಿಂದ ಮೇಲಕ್ಕೆ ಹೋಗಿ. ಔಟ್‌ಪುಟ್ 70 ಪ್ರತಿಶತಕ್ಕೆ ಬಿದ್ದ ಜಾಗವೇ ನಿಜವಾದ ಬ್ಯಾಂಡ್‌ವಿಡ್ತ್. 0.35ನ್ನು ಅದರಿಂದ ಭಾಗಿಸಿದರೆ ರೈಸ್ ಟೈಮ್ (ಔಟ್‌ಪುಟ್ ಏರಲು ಹಿಡಿಯುವ ಸಮಯ): 500 ಕಿಲೋಹರ್ಟ್ಸಿಗೆ 0.7 ಮೈಕ್ರೋಸೆಕೆಂಡ್, 100 ಕಿಲೋಹರ್ಟ್ಸಿಗೆ 3.5, 10 ಕಿಲೋಹರ್ಟ್ಸಿಗೆ 35. 500ಕ್ಕಿಂತ ಕೆಳಗಿದ್ದರೆ ಗೇನ್ ಇಳಿಸಿ, ಡಿಜಿಟೈಸರಿನ ರೇಂಜ್ ಚಿಕ್ಕದು ಮಾಡಿ. ಎರಡೂ ಚಾನೆಲ್ಲಿನ ಆಂಪ್ಲಿಫೈಯರ್ ಒಂದೇ ಮಾಡೆಲ್, ಒಂದೇ ಸೆಟ್ಟಿಂಗ್ ಇರಲಿ.

ಎಸಿ ಕಪ್ಲಿಂಗ್ (ನಿಧಾನವಾಗಿ ಬದಲಾಗುವ ಸಿಗ್ನಲನ್ನು ತಡೆಯುವ ಜೋಡಣೆ) ಹಾಕಿದ್ದರೆ ಅದರ ಕೆಳಗಿನ ಕಟಾಫ್ ನೋಡಿ. 10 ಹರ್ಟ್ಸ್ ಇದ್ದರೆ 120 ಮೈಕ್ರೋಸೆಕೆಂಡಿನಲ್ಲಿ ಪಲ್ಸ್ ಒಂದು ಪ್ರತಿಶತವೂ ಕುಸಿಯುವುದಿಲ್ಲ. 1 ಕಿಲೋಹರ್ಟ್ಸ್ ಇದ್ದರೆ ಪಲ್ಸಿನ ಕೊನೆಗೆ ಅರ್ಧವೂ ಉಳಿಯುವುದಿಲ್ಲ, ಮತ್ತು ಅದು ಲೋಹ ಮೆತ್ತಗಾದಂತೆ ಕಾಣುತ್ತದೆ.

ಡಿಜಿಟೈಸರ್ ಆರಿಸುವಾಗ

ಕಾಲೇಜು ಲ್ಯಾಬುಗಳಲ್ಲಿ ಮೊದಲೇ ಇರುವ 24 ಬಿಟ್ಟಿನ ಸ್ಟ್ರೇನ್ ಮಾಡ್ಯೂಲಿಗೆ ಎಲ್ಲರಿಗೂ ಮೋಹ. ಅಂಥವು ಸೆಕೆಂಡಿಗೆ 50 ಸಾವಿರ ಸ್ಯಾಂಪಲ್ ತೆಗೆದರೆ ಎರಡು ಬಿಂದುಗಳ ನಡುವೆ 20 ಮೈಕ್ರೋಸೆಕೆಂಡ್. ನಮ್ಮ ಇಡೀ ಪರೀಕ್ಷೆಗೆ ಆರು ಬಿಂದು. ಸೇತುವೆಯ ಕಂಪನ ಅಳೆಯಲು ಅದು ಬಂಗಾರ, ಇಲ್ಲಿ ಕೆಲಸಕ್ಕೆ ಬಾರದು.

ಬೇಕಿರುವುದು ಸೆಕೆಂಡಿಗೆ 50 ಲಕ್ಷ ಸ್ಯಾಂಪಲ್, 12 ಬಿಟ್ ಅಥವಾ ಮೇಲೆ, ಮತ್ತು ಎಲ್ಲ ಚಾನೆಲ್ಲುಗಳನ್ನೂ ಒಂದೇ ಗಳಿಗೆಯಲ್ಲಿ ಓದುವಂಥದ್ದು. ಅಗ್ಗದ ಕಾರ್ಡುಗಳಲ್ಲಿ ಒಂದೇ ಕನ್ವರ್ಟರ್ ಸರದಿಯಲ್ಲಿ ಚಾನೆಲ್ ಬದಲಿಸುತ್ತದೆ. "10 ಲಕ್ಷ ಸ್ಯಾಂಪಲ್" ಎಂದು ಬರೆದಿದ್ದರೂ ನಾಲ್ಕು ಚಾನೆಲ್ಲಿಗೆ ಹಂಚಿದರೆ ಎರಡೂವರೆ ಲಕ್ಷ, ಮತ್ತು ಒಂದಕ್ಕೂ ಇನ್ನೊಂದಕ್ಕೂ 1 ಮೈಕ್ರೋಸೆಕೆಂಡ್ ಅಂತರ ಬೇರೆ. ಆ ಒಂದು ಮೈಕ್ರೋಸೆಕೆಂಡಿನ ಬೆಲೆ ಎಷ್ಟೆಂದು ಮುಂದೆ ಬರುತ್ತದೆ.

ಬಿಟ್ಟಿನ ಲೆಕ್ಕ ಹೀಗೆ. 8 ಬಿಟ್ಟಿನ ಆಸಿಲೋಸ್ಕೋಪನ್ನು ±5 ವೋಲ್ಟ್ ರೇಂಜಿನಲ್ಲಿ ಇಟ್ಟರೆ ಒಂದು ಮೆಟ್ಟಿಲು 39 ಮಿಲಿವೋಲ್ಟ್. ನಮ್ಮ 0.67 ವೋಲ್ಟಿಗೆ ಸಿಗುವುದು 17 ಮೆಟ್ಟಿಲು; ಅಂದರೆ ಸ್ಯಾಂಪಲ್ಲಿನ ಸ್ಟ್ರೆಸ್ ಮೆಟ್ಟಿಲಿಗೆ 47 ಮೆಗಾಪ್ಯಾಸ್ಕಲ್ಲಿನಂತೆ ಏರುತ್ತದೆ. ಎಳೆತದ ಬಲ 500 ಮೆಗಾಪ್ಯಾಸ್ಕಲ್ಲಿನ ಎಸ್‌ಜಿ 500/7 ದರ್ಜೆಗೂ 600ರ 600/3ಕ್ಕೂ ಇರುವ ವ್ಯತ್ಯಾಸ ಸುಮಾರು ಎರಡೇ ಮೆಟ್ಟಿಲಿನಲ್ಲಿ ಮುಳುಗುತ್ತದೆ. 12 ಬಿಟ್, ±1 ವೋಲ್ಟ್ ಎಂದರೆ ಮೆಟ್ಟಿಲು ಅರ್ಧ ಮಿಲಿವೋಲ್ಟ್, ಸ್ಟ್ರೆಸ್ಸಿನಲ್ಲಿ 0.6 ಮೆಗಾಪ್ಯಾಸ್ಕಲ್. ಕೈಯಲ್ಲಿ 8 ಬಿಟ್ಟಿನದೇ ಇದ್ದರೆ ಕನಿಷ್ಠ ರೇಂಜನ್ನಾದರೂ ಬಿಗಿ ಮಾಡಿ: ಮೊದಲ ಬಾರಿನ ಗೇಜಿಗೆ ±2 ವೋಲ್ಟ್, ಎರಡನೇ ಬಾರಿನದಕ್ಕೆ ±1. ತೀರಾ ಬಿಗಿ ಮಾಡಿದರೆ ತಲೆ ಕತ್ತರಿಸುತ್ತದೆ. ನಿರೀಕ್ಷಿತ ಎತ್ತರದ ಮೂರನೇ ಒಂದರಷ್ಟು ಜಾಗ ಮೇಲೆ ಬಿಟ್ಟಿರಲಿ.

ಟ್ರಿಗರ್ ಮೊದಲ ಬಾರಿನ ಗೇಜಿನ ಮೇಲೆ, ಒತ್ತಡ ಯಾವ ಚಿಹ್ನೆ ಕೊಡುತ್ತದೋ ಆ ಅಂಚಿಗೆ, 0.2 ವೋಲ್ಟಿಗೆ. ಒಟ್ಟು 2 ಮಿಲಿಸೆಕೆಂಡ್ ದಾಖಲೆ, ಅದರಲ್ಲಿ 20 ಪ್ರತಿಶತ ಟ್ರಿಗರಿಗಿಂತ ಮುಂಚಿನದು. ಆ ಮುಂಚಿನ 400 ಮೈಕ್ರೋಸೆಕೆಂಡೇ ನಿಮ್ಮ ಬೇಸ್‌ಲೈನ್. ನಮ್ಮ ಸೆಟಪ್ಪಿನಲ್ಲಿ ಪಲ್ಸ್ ಗೇಜಿಗೆ ಮುಟ್ಟಿದ 396 ಮೈಕ್ರೋಸೆಕೆಂಡಿಗೆ ಹಿಂದಿರುಗಿದ ಪಲ್ಸ್, 792ಕ್ಕೆ ಬಾರಿನ ತುದಿಗಳಿಂದ ತಿರುಗಿ ಬಂದ ಅಲೆಗಳು. 792ರ ನಂತರದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಏರ್ ಗನ್ನಿನ ಸೊಲೆನಾಯ್ಡ್ ತೆರೆದಾಗ ಏಳುವ ಕಿಡಿಗೆ ಟ್ರಿಗರ್ ಆಗಿ, ಸ್ಟ್ರೈಕರ್ ಇನ್ನೂ ಬ್ಯಾರಲ್ಲಿನಲ್ಲಿರುವಾಗಲೇ ದಾಖಲೆ ಮುಗಿದಿರುವುದು ಆಗಾಗ ಆಗುವ ಎಡವಟ್ಟು. ಡಿಸಿ ಕಾಯಿಲ್ ಆದರೆ ಅದಕ್ಕೆ ಅಡ್ಡ ಒಂದು ಡಯೋಡ್ ಹಾಕಿ. ಸೊಲೆನಾಯ್ಡ್ ತಂತಿಯನ್ನೂ ಗೇಜ್ ತಂತಿಯನ್ನೂ ಒಂದೇ ಟ್ರೇನಲ್ಲಿ ಓಡಿಸಬೇಡಿ.

ಅರ್ಥಿಂಗ್ ಮತ್ತು ಪಕ್ಕದ ಫರ್ನೇಸು

ಫೌಂಡ್ರಿ ಸಾಲಿನ ನಡುವೆ ಲ್ಯಾಬ್ ಇದ್ದರೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಂಡಕ್ಷನ್ ಫರ್ನೇಸ್ ಕೆಲವು ನೂರರಿಂದ ಸಾವಿರ ಹರ್ಟ್ಸ್ ಸುತ್ತ ನಡೆಯುತ್ತದೆ. ಅದರ ಥೈರಿಸ್ಟರುಗಳು ಆನ್-ಆಫ್ ಆದಾಗಲೆಲ್ಲ ಲೈನಿನಲ್ಲಿ ಚೂಪಾದ ಕಚ್ಚು ಬೀಳುತ್ತದೆ. ಕಂಪ್ರೆಸರ್, ಬ್ಲಾಸ್ಟಿಂಗ್ ಮಶೀನ್, ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಎಲ್ಲ ಇದಕ್ಕೆ ಸೇರುತ್ತವೆ.

ಮನೆಯ ಕರೆಂಟಿನ 50 ಹರ್ಟ್ಸ್ ಹಮ್ಮಿಗೆ ಜನ ಹೆದರುತ್ತಾರೆ. ನಿಜಕ್ಕೂ 20 ಮಿಲಿಸೆಕೆಂಡಿನ ಆ ಅಲೆ ನಮ್ಮ 120 ಮೈಕ್ರೋಸೆಕೆಂಡಿನಲ್ಲಿ ತುಸು ವಾಲಿದ ಗೆರೆಯಷ್ಟೇ. ಪಲ್ಸಿನ ಮೇಲೆ ಕೂತು ಕಾಡುವುದು ಸ್ವಿಚಿಂಗ್ ಕಚ್ಚು. ಅದು ಒಂದು ಹೊಡೆತದಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಆದ್ದರಿಂದ ಹೊಡೆಯದೆಯೇ 100 ಮಿಲಿಸೆಕೆಂಡ್ ಖಾಲಿ ದಾಖಲೆ ತೆಗೆಯಿರಿ: ಪಕ್ಕದಲ್ಲಿ ಫರ್ನೇಸ್ ಕರಗಿಸುತ್ತಿರುವಾಗ ಒಂದು, ಟೀ ಬಿಡುವಿನಲ್ಲಿ ಒಂದು. ಎಲೆಕ್ಟ್ರಿಕಲ್ ಗದ್ದಲದ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) 5 ಮೈಕ್ರೋಸ್ಟ್ರೇನಿನೊಳಗೆ, ಅಂದರೆ ನಮ್ಮ ಗೇನಿಗೆ 5 ಮಿಲಿವೋಲ್ಟಿನೊಳಗೆ ಇರಬೇಕು. ಎರಡು ದಾಖಲೆಗೂ ಅಜಗಜಾಂತರ ಇದ್ದರೆ ಪರೀಕ್ಷೆಯನ್ನು ಟೀ ಬಿಡುವಿಗೇ ಇಟ್ಟುಕೊಳ್ಳುವುದು ಎಲ್ಲ ಫಿಲ್ಟರಿಗಿಂತ ಅಗ್ಗ.

ಶಾಶ್ವತ ದಾರಿ ಎಂದರೆ ಎಲ್ಲವನ್ನೂ ಒಂದೇ ಬಿಂದುವಿಗೆ ಅರ್ಥ್ ಮಾಡುವುದು. ಕೇಬಲ್ಲಿನ ಜಾಲರಿ ಆಂಪ್ಲಿಫೈಯರಿನ ಕಡೆ ಮಾತ್ರ ಅರ್ಥಿಗೆ. ಎರಡೂ ತುದಿ ಕಟ್ಟಿದರೆ ಸುತ್ತು ಪೂರ್ತಿಯಾಗಿ ಅದರಲ್ಲೇ ಕರೆಂಟ್ ಹರಿಯುತ್ತದೆ. 2 ಮೀಟರ್ ಉಕ್ಕಿನ ಬಾರ್ ಒಳ್ಳೆಯ ಆಂಟೆನಾ ಕೂಡ ಹೌದು: ನೈಲಾನ್ ಬುಶ್ಶಿನ ಮೇಲೆ ತೇಲುತ್ತಿದ್ದರೆ ಒಂದು ಸಡಿಲ ತೆಳು ಹೆಣೆದ ತಂತಿಯಿಂದ ಅದೇ ಬಿಂದುವಿಗೆ ಕಟ್ಟಿ. ಬ್ರಿಡ್ಜಿಗೆ ವೋಲ್ಟೇಜ್ ಬ್ಯಾಟರಿಯಿಂದ ರೆಗ್ಯುಲೇಟರ್ ಮೂಲಕ ಕೊಟ್ಟರೆ ಅರ್ಧ ರಗಳೆ ಅಲ್ಲೇ ತೀರುತ್ತದೆ.

ಅರ್ಥ್ ಪಿಟ್ಟಿನ ಮಾತು ಮಣ್ಣಿನ ಮೇಲೆ ನಿಂತಿದೆ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ರಾಡಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ರೆಸಿಸ್ಟೆನ್ಸ್ ಏರುತ್ತದೆ. ಫೆಬ್ರುವರಿಯಿಂದಲೇ ಪಿಟ್ಟಿಗೆ ವಾರಕ್ಕೆರಡು ಸಲ ನೀರು ಹಾಕಿಸಿ, ತಿಂಗಳಿಗೊಮ್ಮೆ ಅಳೆಯಿರಿ. ಮಳೆಗಾಲದಲ್ಲಿ ಅಳೆದು ಬರೆದಿಟ್ಟ ಅಂಕಿ ಮೇ ತಿಂಗಳಿಗೆ ಸಲ್ಲದು.

ಎರಡು ಪರೀಕ್ಷೆ, ಬಿಡದೆ ಮಾಡಬೇಕಾದ್ದು

ಮೊದಲನೆಯದು ಶಂಟ್. ಬ್ರಿಡ್ಜಿನ ಒಂದು ಗೇಜಿಗೆ ಅಡ್ಡಲಾಗಿ 100 ಕಿಲೋಓಮಿನ ನಿಖರ ರೆಸಿಸ್ಟರ್ ಹಾಕಿದರೆ ಆ ತೋಳಿನಲ್ಲಿ 1661 ಮೈಕ್ರೋಸ್ಟ್ರೇನ್ ಒತ್ತಡ ಬಿದ್ದಂತಾಗುತ್ತದೆ. ಕೆಲಸ ಮಾಡುವ ತೋಳು ಎರಡಿರುವುದರಿಂದ ಬಾರಿನ ಲೆಕ್ಕಕ್ಕೆ ಅದು 830. ಔಟ್‌ಪುಟ್ 0.87 ವೋಲ್ಟ್ ಬರಬೇಕು. ಈ ಅರ್ಧದ ಲೆಕ್ಕವನ್ನು ಮರೆತು ಸ್ಟ್ರೆಸ್ಸನ್ನು ಇಮ್ಮಡಿ ಮಾಡಿದ ರಿಪೋರ್ಟುಗಳು ಹುಟ್ಟುವುದು ಹೀಗೇ. ಪ್ರತಿ ದಿನ ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಶಂಟ್ ಹಾಕಿ ಬರೆದಿಡಿ. ಆಂಪ್ಲಿಫೈಯರನ್ನು ಅರ್ಧ ತಾಸು ಮೊದಲೇ ಆನ್ ಮಾಡಿರಬೇಕು.

ಶಂಟ್ ನೋಡುವುದು ತಂತಿಯಿಂದಾಚೆ ಮಾತ್ರ. ಅಂಟು ಸಡಿಲಾಗಿದ್ದರೂ ಶಂಟ್ ಸರಿಯಾಗಿಯೇ ಬರುತ್ತದೆ. ಅದಕ್ಕೇ ಎರಡನೆಯದು: ಸ್ಯಾಂಪಲ್ ಇಲ್ಲದೆ, ಎರಡೂ ಬಾರ್ ಮುಖಕ್ಕೆ ಮುಖ ತಾಗಿಸಿ ಹೊಡೆಯುವುದು. ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಬಾರಿನಲ್ಲಿ 990 ಮೈಕ್ರೋಸ್ಟ್ರೇನ್ ಬರಲೇಬೇಕು. ವೇಗವನ್ನು ಅಲೆಯ ವೇಗದ ಎರಡು ಪಟ್ಟಿನಿಂದ ಭಾಗಿಸಿದರೆ ಅಷ್ಟೇ. ನಮ್ಮ ಗೇನಿಗೆ 1.04 ವೋಲ್ಟ್. ಎರಡನೇ ಬಾರಿನಲ್ಲೂ ಅಷ್ಟೇ ಎತ್ತರ. ಹಿಂದಿರುಗುವ ಪಲ್ಸ್ ಸೊನ್ನೆಯ ಹತ್ತಿರ. 2-3 ಪ್ರತಿಶತ ದಾಟಿದರೆ ಮುಖಗಳು ಸಮಾಂತರವಾಗಿಲ್ಲ ಅಥವಾ ಬಾರುಗಳು ಒಂದೇ ಗೆರೆಯಲ್ಲಿಲ್ಲ.

ಎರಡೂ ಗೇಜು ಒಂದೇ ಪ್ರಮಾಣದಲ್ಲಿ ಕಡಿಮೆ ಅಥವಾ ಹೆಚ್ಚು ತೋರಿಸಿದರೆ ಗೇಜನ್ನು ಬೈಯುವ ಮುಂಚೆ ವೇಗದ ಅಳತೆಯನ್ನು ಅನುಮಾನಿಸಿ. ಲೇಸರ್ ಗೇಟುಗಳ ನಡುವೆ 50 ಮಿ.ಮೀ. ಇದ್ದು ಅರ್ಧ ಮಿಲಿಮೀಟರ್ ತಪ್ಪಿದ್ದರೆ ಅಲ್ಲಿಗೇ ಒಂದು ಪ್ರತಿಶತ ಹೋಯಿತು. ಗೇಟು ಬ್ಯಾರಲ್ಲಿನ ಗಾಳಿಕಿಂಡಿಗಳ ಹಿಂದಿದ್ದರೆ ಸ್ಟ್ರೈಕರ್ ಇನ್ನೂ ವೇಗ ಹೆಚ್ಚಿಸಿಕೊಳ್ಳುತ್ತಿರುತ್ತದೆ. ಒಂದೇ ಗೇಜು ಕಡಿಮೆ ಇದ್ದರೆ ತಪ್ಪು ಅದರಲ್ಲೇ.

ಇದೇ ಹೊತ್ತಿಗೆ ಅಲೆಯ ವೇಗವನ್ನೂ ಅಳೆದುಬಿಡಿ: ಎರಡನೇ ಬಾರನ್ನು ದೂರ ಸರಿಸಿ ಹೊಡೆದರೆ ಪಲ್ಸ್ ಬಿಡುತುದಿಯಿಂದ ಹಿಂದಿರುಗುತ್ತದೆ. ಹೋದದ್ದು, ಬಂದದ್ದರ ನಡುವಿನ ಸಮಯದಿಂದ 2 ಮೀಟರನ್ನು ಭಾಗಿಸಿ. ಪುಸ್ತಕದ ಅಂಕಿಗಿಂತ ನಿಮ್ಮ ಬಾರಿನ ಅಂಕಿ ಮೇಲು.

ಪಲ್ಸನ್ನು ಓದುವುದು

ಶೇಪರ್ ಇಲ್ಲದ ಪಲ್ಸಿನ ನೆತ್ತಿಯ ಮೇಲೆ ಸಣ್ಣ ಅಲೆಗಳಿರುತ್ತವೆ. ಅವು ಎಲೆಕ್ಟ್ರಿಕಲ್ ಗದ್ದಲದಿಂದ ಬಂದವಲ್ಲ. ಬಾರಿನ ದಪ್ಪದಿಂದ ಬರುವ ಪೋಖ್‌ಹ್ಯಾಮರ್-ಕ್ರೀ ಕಂಪನ, ಪ್ರತಿ ಹೊಡೆತದಲ್ಲೂ ಒಂದೇ ಥರ. ನೆತ್ತಿ ಟೇಬಲ್ಲಿನಂತೆ ಚಪ್ಪಟೆ, ಒಂದು ಅಲೆಯೂ ಇಲ್ಲ ಎಂದರೆ ಖುಷಿಪಡಬೇಡಿ: ಆಂಪ್ಲಿಫೈಯರ್ ಅಥವಾ ರೇಂಜ್ ತುಂಬಿ ತಲೆ ಕತ್ತರಿಸಿದೆ, ಇಲ್ಲವೇ ಬ್ಯಾಂಡ್‌ವಿಡ್ತ್ ಸಾಲದು. ಕಚ್ಚಾ ಅಂಕಿ ತೆರೆದು ನೋಡಿ. ಒಂದೇ ಅಂಕಿ ಹತ್ತಾರು ಸಲ ಸಾಲಾಗಿ ಬಂದಿದ್ದರೆ ತಲೆ ಕತ್ತರಿಸಿದ್ದೇ ಸೈ.

ಪಲ್ಸ್ ಮುಗಿದ ಮೇಲೆ ಗೆರೆ ಸೊನ್ನೆಗೆ ಬರದೆ ಮೇಲೆಯೇ ನಿಂತರೆ ಗೇಜು ಬಿಡುತ್ತಿದೆ ಅಥವಾ ಬೆಸುಗೆ ಬಿರುಕು. ನಡುವೆ ಒಂದು ಲಂಬ ಸೂಜಿ ಬಂದು ಹೋದರೆ ಸ್ವಿಚಿಂಗ್ ಕಚ್ಚು. ಒಂದೇ ಬಾರಿನ ಎರಡು ಗೇಜನ್ನು ಬೇರೆ ಬೇರೆ ಕ್ವಾರ್ಟರ್ ಬ್ರಿಡ್ಜಿನಲ್ಲಿ (ಒಂದೇ ಗೇಜಿನ ಬ್ರಿಡ್ಜ್) ಒಮ್ಮೆ ನೋಡಿದರೆ ಬಾಗು ಎಷ್ಟಿದೆ ಎಂದು ತಿಳಿಯುತ್ತದೆ. ಹಾಫ್ ಬ್ರಿಡ್ಜ್ ಅದನ್ನು ಮುಚ್ಚಿಡುತ್ತದೆ, ಸ್ಯಾಂಪಲ್ಲಿನಿಂದ ತೆಗೆದುಹಾಕುವುದಿಲ್ಲ.

ಬೇಸ್‌ಲೈನ್ 5 ಮೈಕ್ರೋಸ್ಟ್ರೇನ್ ಸರಿದಿದೆ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಅಷ್ಟರಿಂದ ಕೊನೆಯ ಸ್ಟ್ರೇನಿನಲ್ಲಿ ಆಗುವ ತಪ್ಪು 0.001 ಮಾತ್ರ. ಆ ಕಾಳಜಿಯನ್ನು ಸಮಯದ ಹೊಂದಿಕೆಗೆ ಕೊಡಿ.

ಸಮಯದ ಹೊಂದಿಕೆ ಎಂದರೆ ಮೂರೂ ಪಲ್ಸನ್ನು ಗೇಜಿನ ಜಾಗದಿಂದ ಸ್ಯಾಂಪಲ್ಲಿನ ಮುಖಕ್ಕೆ ಸರಿಸುವುದು. ಕಣ್ಣಳತೆಯಲ್ಲಿ ಬುಡ ಹುಡುಕಿ ಸರಿಸಬೇಡಿ. ಅಳೆದ ದೂರವನ್ನು ಅಳೆದ ವೇಗದಿಂದ ಭಾಗಿಸಿ ಸರಿಸಿ. ಪಲ್ಸ್ 20 ಮೈಕ್ರೋಸೆಕೆಂಡಿನಲ್ಲಿ 1240 ಮೈಕ್ರೋಸ್ಟ್ರೇನ್ ಏರುತ್ತದೆ ಎಂದರೆ ಮೈಕ್ರೋಸೆಕೆಂಡಿಗೆ 62. ಹೋಗುವ ಪಲ್ಸೂ ಬರುವ ಪಲ್ಸೂ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಸ್ಯಾಂಪಲ್ಲಿನ ಮುಂಭಾಗದ ಸ್ಟ್ರೆಸ್ 77 ಮೆಗಾಪ್ಯಾಸ್ಕಲ್ ತಪ್ಪುತ್ತದೆ. ಆಮೇಲೆ ಮುಂಭಾಗ, ಹಿಂಭಾಗದ ಬಲ ಸಮವಾಗಿಲ್ಲ ಎಂದು ಒಳ್ಳೆಯ ಪರೀಕ್ಷೆಯನ್ನೇ ಎಸೆಯುತ್ತೀರಿ, ಇಲ್ಲವೇ ಕೆಟ್ಟದ್ದನ್ನು ಪಾಸು ಮಾಡುತ್ತೀರಿ.

ಸಮತೋಲ ನೋಡುವುದು ಹೀಗೆ: ಹೋದ ಪಲ್ಸಿಗೆ ಹಿಂದಿರುಗಿದ್ದನ್ನು ಚಿಹ್ನೆಸಮೇತ ಕೂಡಿಸಿದರೆ ದಾಟಿ ಹೋದದ್ದು ಸಿಗಬೇಕು. ನಮ್ಮ 6 ಮಿ.ಮೀ. ಸ್ಯಾಂಪಲ್ಲಿನಲ್ಲಿ ಅಲೆ ಒಮ್ಮೆ ದಾಟಲು 1.2 ಮೈಕ್ರೋಸೆಕೆಂಡ್, ಮೂರ್ನಾಲ್ಕು ಸಲ ಓಡಾಡುವವರೆಗೆ ಸಮತೋಲ ಕೇಳುವುದೇ ತಪ್ಪು. ಇದೇ ಕಾರಣಕ್ಕೆ ಗ್ರಾಫಿನ ಮೊದಲ ಏರಿನಿಂದ ಯಂಗ್ಸ್ ಮಾಡ್ಯುಲಸ್ ತೆಗೆದು ರಿಪೋರ್ಟಿನಲ್ಲಿ ಬರೆಯಬೇಡಿ. ಅದು ಯುಟಿಎಂ ಕೆಲಸ.

ಸಮತೋಲಕ್ಕೆ ನಿಜವಾದ ಸಹಾಯ ಕಾಪರ್ ಶೇಪರಿನಿಂದ: ಕಾಯಿಸಿ ಮೆತ್ತಗೆ ಮಾಡಿದ ತಾಮ್ರದ ಬಿಲ್ಲೆ, 5 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪ, ಚೂರು ಗ್ರೀಸಿನಿಂದ ಸ್ಟ್ರೈಕರ್ ಬಡಿಯುವ ಬಾರಿನ ಮುಖದ ನಡುವಿಗೆ ಅಂಟಿಸಿದ್ದು. ಪ್ರತಿ ಹೊಡೆತಕ್ಕೂ ಹೊಸ ಬಿಲ್ಲೆ, ಅಷ್ಟೇ ಗ್ರೀಸ್. ಒಂದೇ ಹಾಳೆಯಿಂದ ಒಮ್ಮೆಲೇ ಐವತ್ತು ಬಿಲ್ಲೆ ಪಂಚ್ ಮಾಡಿಸಿ ಒಟ್ಟಿಗೆ ಕಾಯಿಸಿಟ್ಟುಕೊಂಡರೆ ಪಲ್ಸಿನ ಆಕಾರ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ.

ಫಿಲ್ಟರ್ ಹಾಕಲೇಬೇಕೆಂದರೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸುವ, ಸಮಯ ಸರಿಸದ ಫಿಲ್ಟರ್ ಹಾಕಿ, ಎಲ್ಲ ಚಾನೆಲ್ಲಿಗೂ ಒಂದೇ. ಒಂದು ಚಾನೆಲ್ಲಿಗೆ ಮಾತ್ರ 100 ಕಿಲೋಹರ್ಟ್ಸಿನ ಸಾಮಾನ್ಯ ಫಿಲ್ಟರ್ ಬಿದ್ದರೆ ಅದು 1.6 ಮೈಕ್ರೋಸೆಕೆಂಡ್ ತಡವಾಗುತ್ತದೆ. ಅದರ ಬೆಲೆಯನ್ನು ಮೇಲಿನ ಲೆಕ್ಕದಿಂದ ನೀವೇ ತೆಗೆಯಿರಿ.

ಫೈಲಿನಲ್ಲಿ ಏನಿರಬೇಕು

ಕಚ್ಚಾ ವೋಲ್ಟ್, ಫಿಲ್ಟರ್ ಹಾಕದ್ದು. ಜೊತೆಗೆ ಗೇನ್, ಬ್ರಿಡ್ಜ್ ವೋಲ್ಟೇಜ್, ಗೇಜ್ ಫ್ಯಾಕ್ಟರ್, ಗೇಜಿನ ದೂರ, ಅಂದಿನ ಎರಡು ಶಂಟ್ ಅಂಕಿ, ಸ್ಟ್ರೈಕರಿನ ವೇಗ, ಶೇಪರಿನ ಅಳತೆ, ಸ್ಯಾಂಪಲ್ಲಿನ ಮೂರು ಕಡೆಯ ಉದ್ದ (0.01 ಮಿ.ಮೀ.ಗಿಂತ ಹೆಚ್ಚು ಅಂತರ ಇದ್ದರೆ ಮತ್ತೆ ಫೇಸಿಂಗ್ ಮಾಡಿಸಿ), ಮತ್ತು ಫೌಂಡ್ರಿಯ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತು ಸಂಖ್ಯೆ). ಹೀಟ್ ನಂಬರ್ ಇಲ್ಲದ ಎಸ್‌ಜಿ ಐರನ್ ಸ್ಯಾಂಪಲ್ಲಿನಲ್ಲಿ ಅಂಕಿ ಚದುರಿದರೆ ಲೋಹ ಚದುರಿತೋ ಅಳತೆ ಚದುರಿತೋ ಎಂದು ಯಾರೂ ಹೇಳಲಾರರು. ಒಂದೇ ಹೀಟಿನ, ಒಂದೇ ಜಾಗದಿಂದ ಕೊಯ್ದ ಐದು ಸ್ಯಾಂಪಲ್ ಹೊಡೆಯಿರಿ.

50 ಹೊಡೆತಕ್ಕೊಮ್ಮೆ ಸ್ಯಾಂಪಲ್ ಇಲ್ಲದ ಹೊಡೆತವನ್ನು ಮತ್ತೆ ಮಾಡಿ. ಮೊದಲ ದಿನದ ಅಂಕಿಗಿಂತ 2 ಪ್ರತಿಶತ ಇಳಿದಿದ್ದರೆ ಸಾಫ್ಟ್‌ವೇರಿನಲ್ಲಿ ಗುಣಕ ಏರಿಸಿ ಸರಿದೂಗಿಸಬೇಡಿ. ಗೇಜು ಕೀಳಿ, ಅಸಿಟೋನಿನ ಬಾಟಲಿ ತೆಗೆಯಿರಿ, ಕಳೆದ ಸಲ ಸರಿ ಬಂದ ಖಾಲಿ ಹೊಡೆತದ ನಂತರದ ಫೈಲುಗಳ ಮೇಲೆ ಗುರುತು ಹಾಕಿಡಿ.